ಬಿಲ್ಲಿನಲ್ಲಿ ಲ್ಯಾಮಿನೇಟೆಡ್, ಗಾಡಿಯಲ್ಲಿ ಟಫನ್ಡ್

ಇವರಿಗೆ,
ಗ್ರಾಹಕ ಸೇವಾ ವಿಭಾಗದ ಮುಖ್ಯಸ್ಥರು,
ಮುಖ್ಯ ಕಚೇರಿ, ಬೆಂಗಳೂರು

ವಿಷಯ: ನಿಮ್ಮ ದಾವಣಗೆರೆ ಶಾಖೆಯಲ್ಲಿ ನನ್ನ ಪ್ರೀಮಿಯರ್ ಪದ್ಮಿನಿ ಕಾರಿಗೆ ಹಾಕಿದ ಮುಂದಿನ ಗ್ಲಾಸ್ ಬಗ್ಗೆ ದೂರು

ಮಾನ್ಯರೇ,

ಇದು ನಾನು ನಿಮಗೆ ಬರೆಯುತ್ತಿರುವ ಮೊದಲ ಪತ್ರ. ಫೋನ್ ಮಾಡಿದ್ದು ಹನ್ನೊಂದು ಸಲ. ಹನ್ನೊಂದು ಸಲವೂ ನಿಮ್ಮ ಕರೆ ನಮಗೆ ಬಹಳ ಮುಖ್ಯ ಎಂದು ಒಂದು ಹೆಣ್ಣು ದನಿ ಹೇಳಿತು. ಅಷ್ಟು ಮುಖ್ಯವಾಗಿದ್ದರೆ ಯಾರಾದರೂ ಎತ್ತಬಹುದಿತ್ತು. ಸಿಟ್ಟು ಮಾಡಿಕೊಳ್ಳದೆ ಬರೆಯಪ್ಪ ಎಂದು ಮಗಳು ಹೇಳಿದ್ದಾಳೆ. ಪ್ರಯತ್ನ ಮಾಡುತ್ತೇನೆ.

ನನ್ನದು 1991ರ ಪದ್ಮಿನಿ. ನಮ್ಮ ಅಪ್ಪ ದಲಾಲಿ ಅಂಗಡಿ ದುಡ್ಡಿನಲ್ಲಿ ತೆಗೆದುಕೊಂಡ ಗಾಡಿ. ಸ್ಟೀರಿಂಗ್ ಪಕ್ಕದ ಹ್ಯಾಂಡಲ್ ಗೇರ್, ಮುಂದೆ ಉದ್ದ ಸೀಟು. ನಂಬರ್ ಕೆಎ-16. ದಾವಣಗೆರೆ ಗಾಡಿಗೆ ಚಿತ್ರದುರ್ಗದ ನಂಬರ್ ಯಾಕೆ ಎಂದು ನಿಮ್ಮ ಹುಡುಗರು ಅನುಮಾನದಿಂದ ಕೇಳಿದ್ದರು. 1997ರಲ್ಲಿ ದಾವಣಗೆರೆ ಜಿಲ್ಲೆ ಆಗುವ ತನಕ ನಾವೂ ಚಿತ್ರದುರ್ಗ ಜಿಲ್ಲೆಯವರೇ. ಇದನ್ನೂ ನಾನೇ ಹೇಳಿಕೊಡಬೇಕಾಯಿತು. ಇರಲಿ.

ಯುಗಾದಿ ಮುಗಿದ ಮರುವಾರ ಒಂದು ಮದುವೆಗೆಂದು ನಾನು, ನನ್ನ ಹೆಂಡತಿ ದುರ್ಗಕ್ಕೆ ಹೊರಟಿದ್ದೆವು. ಹೆಬ್ಬಾಳು ಟೋಲ್ ದಾಟಿ ಭರಮಸಾಗರ ಇನ್ನೂ ಬಂದಿರಲಿಲ್ಲ. ಮುಂದಿದ್ದ ಜಲ್ಲಿ ಲಾರಿಯಿಂದ ಒಂದು ಕಲ್ಲು ಹಾರಿತು. ಡಬ್ ಅಂತ ಸದ್ದು. ಗ್ಲಾಸ್ ಪೂರ್ತಿ ಬೆಳ್ಳಗಾಗಿ, ಮಂಡಕ್ಕಿ ಚೀಲ ಬಿಚ್ಚಿ ಸುರಿದ ಹಾಗೆ ನಮ್ಮ ಮಡಿಲಿಗೆ ಬಿತ್ತು. ಅದು ಹಳೆಯ ಟಫನ್ಡ್ ಗ್ಲಾಸ್. ಅದರ ಚೂರು ಚೂಪಾಗಿರುವುದಿಲ್ಲ, ನಿಜ. ಆದರೆ ಒಡೆದ ಗಳಿಗೆಯಲ್ಲಿ ಮುಂದೆ ಏನೂ ಕಾಣುವುದಿಲ್ಲ, ಹಿಂದೆ ಬಸ್ಸು ಹಾರ್ನ್ ಹೊಡೆಯುತ್ತಿರುತ್ತದೆ. ಮದುವೆಗೆ ಉಟ್ಟ ಸೀರೆಯಿಂದ ನನ್ನ ಹೆಂಡತಿ ಎರಡು ದಿನ ಗಾಜು ಆರಿಸಿದಳು. ಇನ್ನು ಮುಂದೆ ಈ ಗಾಡಿಯಲ್ಲಿ ಕೂರಬೇಕಾದರೆ ಲ್ಯಾಮಿನೇಟೆಡ್ ಗ್ಲಾಸ್ ಹಾಕಿಸಿ ಎಂದಳು. ಎರಡು ಗಾಜಿನ ನಡುವೆ ಪ್ಲಾಸ್ಟಿಕ್ ಪದರ ಇರುತ್ತದೆ, ಕಲ್ಲು ಬಿದ್ದರೆ ಜೇಡರ ಬಲೆಯ ಹಾಗೆ ಬಿರುಕು ಬಿಟ್ಟರೂ ಜಾಗ ಬಿಟ್ಟು ಕದಲುವುದಿಲ್ಲ. ನಿಮಗೆ ಇದೆಲ್ಲ ಹೇಳಬೇಕಾಗಿಲ್ಲ. ನಿಮ್ಮ ಶಾಖೆಯ ಗೋಡೆ ಮೇಲೆ ದೊಡ್ಡ ಚಿತ್ರವೇ ಇದೆ.

ಪದ್ಮಿನಿ ತಯಾರಿ ನಿಂತು ಇಪ್ಪತ್ತು ವರ್ಷದ ಮೇಲಾಯಿತು. ಮುಂಬೈಯಲ್ಲಿ ಕೊನೆಯ ಪದ್ಮಿನಿ ಟ್ಯಾಕ್ಸಿಗಳೂ 2023ರ ಅಕ್ಟೋಬರ್‌ಗೆ ಮನೆಗೆ ಹೋದವು. ಗಾಡಿ ಬಿಡಿಭಾಗದ ಅಂಗಡಿಗಳಿರುವ ಬೆಂಗಳೂರಿನ ಜೆ.ಸಿ. ರಸ್ತೆಗೆ ಎರಡು ಸಲ ಹೋಗಿ ಬಂದೆ. ಒಬ್ಬರ ಹತ್ತಿರ ಹಿಂದಿನ ಗ್ಲಾಸ್ ಇತ್ತು, ಮುಂದಿನದು ಇಲ್ಲ. ಇನ್ನೊಬ್ಬರು ಬೇರೆ ಯಾವುದೋ ಗಾಡಿಯ ಟಫನ್ಡ್ ಗ್ಲಾಸ್ ತೋರಿಸಿ, ಅಂಚು ಸ್ವಲ್ಪ ಕತ್ತರಿಸಿದರೆ ಕೂರುತ್ತೆ ಅಂದರು. ಟಫನ್ಡ್ ಗ್ಲಾಸಿಗೆ ಕಟ್ಟರ್ ಇಟ್ಟರೆ ಅಲ್ಲೇ ಪುಡಿ. ನಮಸ್ಕಾರ ಹೇಳಿ ಬಂದೆ. ಸಿಕ್ಕಿದ್ದು ಒಂದೇ: ಹೊಸ ರಬ್ಬರ್ ಬೀಡಿಂಗ್. ಅದನ್ನು ತಂದಿಟ್ಟುಕೊಂಡೆ.

ಆಗ ಕಂಡದ್ದು ನಿಮ್ಮ ಬೋರ್ಡು. ಯಾವುದೇ ಕಾರು, ಯಾವುದೇ ಗ್ಲಾಸ್ ಎಂದಿತ್ತು. ಆರ್ಡರ್ ಕೊಟ್ಟು ಮಾಡಿಸುತ್ತೇವೆ, ಮೂರು ವಾರ, ಒಟ್ಟು 9,400 ರೂಪಾಯಿ ಅಂದರು. ಐದು ಸಾವಿರ ಮುಂಗಡ ಕೊಟ್ಟೆ. ಎಸ್ಟಿಮೇಟ್ ಚೀಟಿಯಲ್ಲಿ ಲ್ಯಾಮಿನೇಟೆಡ್ ಎಂದು ಬರೆಸಿಕೊಂಡೆ. ಐದು ವಾರಕ್ಕೆ ಬಂದ ಮೊದಲ ಗ್ಲಾಸ್ ಫಿಯಟ್ ಲಿನಿಯಾದ್ದು. ನಿಮ್ಮ ಕಂಪ್ಯೂಟರ್‌ನಲ್ಲಿ ಪದ್ಮಿನಿ ಎಂಬ ಗಾಡಿ ಇಲ್ಲವಂತೆ. ಪದ್ಮಿನಿ ಮೊದಲು ಫಿಯಟ್ ಆಗಿತ್ತು ಎಂದು ನಾನೇ ಬಾಯಿ ತಪ್ಪಿ ಹೇಳಿದ್ದಕ್ಕೆ, ಪಟ್ಟಿಯಲ್ಲಿ ಕಂಡ ಫಿಯಟ್ ಒತ್ತಿದ್ದಾರೆ. ಲಿನಿಯಾ ಗ್ಲಾಸನ್ನು ಪದ್ಮಿನಿ ಮೇಲೆ ಇಟ್ಟು ನೋಡಿದ ಪುಣ್ಯಾತ್ಮರೂ ನಿಮ್ಮಲ್ಲಿದ್ದಾರೆ. ಎಮ್ಮೆಗೆ ಕುದುರೆ ಜೀನು ಕಟ್ಟಿದ ಹಾಗಿತ್ತು.

ಎರಡನೆಯದು ಅಳತೆಗೆ ಸರಿಯಾಗಿತ್ತು. ಆದರೆ ಕೂರಿಸಿದ ರೀತಿ ನೋಡಿ. ಇಂಥ ಹಳೆಯ ಗಾಡಿಗೆ ಗ್ಲಾಸನ್ನು ಅಂಟಿಸುವುದಿಲ್ಲ. ಬೀಡಿಂಗನ್ನು ಗ್ಲಾಸ್ ಸುತ್ತ ಹಾಕಿ, ಅದರ ಸಂದಿಗೆ ಹಗ್ಗ ಸೇರಿಸಿ, ಸೋಪಿನ ನೀರು ಸವರಬೇಕು. ಒಬ್ಬ ಹೊರಗಿಂದ ಅಂಗೈಯಲ್ಲಿ ಒತ್ತಬೇಕು, ಇನ್ನೊಬ್ಬ ಒಳಗಿಂದ ಹಗ್ಗ ಎಳೆಯುತ್ತಾ ಬರಬೇಕು. ಆಗ ರಬ್ಬರ್ ತುಟಿ ತಗಡಿನ ಮೇಲೆ ತಾನೇ ಹತ್ತಿ ಕೂರುತ್ತದೆ. ಅದಕ್ಕೂ ಮೊದಲು ಆ ತಗಡಿನ ತುಕ್ಕು ಉಜ್ಜಬೇಕು. ಹಳೇ ದಾವಣಗೆರೆಯ ಯಾವ ಮೇಸ್ತ್ರಿಯನ್ನು ಕೇಳಿದರೂ ಹೇಳುತ್ತಿದ್ದರು. ನಿಮ್ಮವರು ನಾನು ಕೊಟ್ಟ ಬೀಡಿಂಗನ್ನು ಎಲ್ಲೋ ಕಳೆದರು. ಕೈಗೆ ಸಿಕ್ಕಿದ ರಬ್ಬರ್ ಹಾಕಿ, ಸಂದಿಗೆಲ್ಲ ಸಿಲಿಕಾನ್ ಮೆತ್ತಿದರು. ಮೊದಲ ಮಳೆಗೇ ನೀರು ಒಳಗೆ. ನೇರವಾಗಿ ನನ್ನ ಕ್ಲಚ್ ಕಾಲಿನ ಮೇಲೆ, ಹನಿ ಹನಿಯಾಗಿ. ಸೋರಿದರೆ ಒಂದು ವರ್ಷ ವಾರಂಟಿ ಎಂಬುದು ನಿಮ್ಮದೇ ಕಾರ್ಡಿನಲ್ಲಿದೆ. ಓದಿರುತ್ತೀರಿ.

ಸೋರುವುದು ಎಲ್ಲಿಂದ ಎಂದು ಹುಡುಕಲು ಹೋಗಿ, ಮೂಲೆಯಲ್ಲಿದ್ದ ನಿಮ್ಮ ಕಂಪನಿಯ ಸ್ಟಿಕ್ಕರ್ ಕಿತ್ತೆ. ಕೆಳಗೆ ಗಾಜಿನಲ್ಲೇ ಕೊರೆದ ಗುರುತು. ಐಎಸ್ಐ ಮಾರ್ಕು, ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ ಟಫನ್ಡ್. ಸ್ಟಿಕ್ಕರ್ ಅದರ ಮೇಲೇ ಯಾಕಿತ್ತು ಎಂದು ನಾನು ಕೇಳುವುದಿಲ್ಲ. ಅಷ್ಟು ದೊಡ್ಡ ಗ್ಲಾಸಿನಲ್ಲಿ ಬೇರೆ ಜಾಗ ಸಿಕ್ಕಿರಲಿಕ್ಕಿಲ್ಲ.

ಮರುದಿನ ಹನ್ನೊಂದು ಗಂಟೆಗೆ ಹೆಂಡತಿ ಜೊತೆ ಶಾಖೆಗೆ ಹೋದೆ. ಟೋಕನ್ ತಗೊಳ್ಳಿ ಅಂದರು. ಹದಿನಾಲ್ಕನೆಯ ನಂಬರ್. ನಮ್ಮ ಮುಂದೆ ಹೊಸ ದೊಡ್ಡ ಕಾರಿನ ಗಂಡ ಹೆಂಡತಿ ಕೂತಿದ್ದರು. ಅವರಿಗೆ ಕಾಫಿ ಬಂತು, ನಮಗೆ ಬರಲಿಲ್ಲ. ನಾನು ಕಾಫಿ ಕುಡಿಯಲು ಹೋದವನಲ್ಲ. ಆದರೆ ಬರಲಿಲ್ಲ ಎಂಬುದು ದಾಖಲಾಗಲಿ. ಮುಕ್ಕಾಲು ಗಂಟೆ ಆದ ಮೇಲೆ ಕೌಂಟರ್ ಹುಡುಗ ಕರೆದ.

"ಯಾವ ಗಾಡಿ ಅಂಕಲ್?"

"ಪದ್ಮಿನಿ."

"ಮೇಡಂ ಹೆಸರಲ್ಲಿದೆಯಾ ಗಾಡಿ?"

ನನ್ನ ಹೆಂಡತಿಯ ಹೆಸರು ಪದ್ಮಿನಿ ಅಲ್ಲ. ಅವಳು ಪಕ್ಕದಲ್ಲೇ ನಿಂತಿದ್ದಳು. ಕಾಫಿ ಕುಡಿಯುತ್ತಿದ್ದವರು ನಕ್ಕರು. ಅವಳು ನಗಲಿಲ್ಲ.

"ಗಾಡಿ ಹೆಸರೇ ಪದ್ಮಿನಿ ಕಣಪ್ಪ. ನೀವೇ ಗ್ಲಾಸ್ ಹಾಕಿದ್ದು."

ಅವನು ಕೀಬೋರ್ಡ್ ಕುಟ್ಟಿದ. "ಇಲ್ಲಿ ಲಿನಿಯಾ ಅಂತಿದೆ. ಪದ್ಮಿನಿ ಅಂತ ನಾವು ಯಾವ ಗಾಡಿನೂ ಮಾಡಿಲ್ಲ."

ಹೊರಗೆ ನಿಂತಿದ್ದ ಗಾಡಿ ತೋರಿಸಿದೆ. ಅವನು ಕಿಟಕಿಯಿಂದ ನೋಡಿ, ಒಳಗಿನವರನ್ನು ಕರೆದು ತೋರಿಸಿದ. ಇಬ್ಬರು ಬಂದು ಫೋಟೋ ತೆಗೆದುಕೊಂಡರು. ಗ್ಲಾಸಿನದ್ದಲ್ಲ, ಗಾಡಿ ಜೊತೆ ತಮ್ಮದು. ಆಮೇಲೆ ಮ್ಯಾನೇಜರ್ ಬಂದರು. ಗಾಜಿನ ಗುರುತು ತೋರಿಸಿದೆ. ಬಗ್ಗಿ ನೋಡಿದರು, ಬೆರಳಲ್ಲಿ ಉಜ್ಜಿ ನೋಡಿದರು. ಹೋಗಲಿಲ್ಲ.

"ಎರಡೂ ಸೇಫ್ಟಿ ಗ್ಲಾಸೇ ಸರ್."

"ಹಾಗಾದರೆ ಬಿಲ್ಲಿನಲ್ಲಿ ಲ್ಯಾಮಿನೇಟೆಡ್ ಅಂತ ಯಾಕಿದೆ?"

"ಅದು ಸಿಸ್ಟಮ್ ತಾನೇ ಪ್ರಿಂಟ್ ಮಾಡುತ್ತೆ ಸರ್."

"ದುಡ್ಡನ್ನೂ ಸಿಸ್ಟಮ್ಮೇ ಎಣಿಸಿಕೊಂಡಿತಾ?"

ಅವರು ಉತ್ತರ ಕೊಡಲಿಲ್ಲ. ಕೊಟ್ಟಿದ್ದು ಕೌಂಟರ್ ಹುಡುಗ. "ಅಷ್ಟು ಡೌಟ್ ಇದ್ರೆ ಒಂದು ಕಲ್ಲು ಹೊಡೆದು ನೋಡ್ರಿ ಅಂಕಲ್. ಪುಡಿಯಾದ್ರೆ ಟಫನ್ಡ್, ನಿಂತ್ರೆ ಲ್ಯಾಮಿನೇಟೆಡ್." ಎಲ್ಲರೂ ನಕ್ಕರು. ಮ್ಯಾನೇಜರ್ ಕೂಡ. ಅಲ್ಲಿಗೆ ಒಂದು ವಿಷಯ ನನಗೆ ಸ್ಪಷ್ಟವಾಯಿತು: ನಿಮ್ಮ ಹುಡುಗರಿಗೆ ಎರಡರ ವ್ಯತ್ಯಾಸ ಚೆನ್ನಾಗಿಯೇ ಗೊತ್ತಿದೆ. ಹೊರಡುವಾಗ, ಇದನ್ನು ಗುಜರಿಗೆ ಹಾಕಿ ಹೊಸದು ತಗೊಳ್ಳಿ ಎಂಬ ಬುದ್ಧಿವಾದವೂ ಸಿಕ್ಕಿತು. ಅದಕ್ಕೆ ದುಡ್ಡು ಕೇಳಲಿಲ್ಲ, ಅದು ದೊಡ್ಡತನ.

ಮನೆಗೆ ಬಂದು ಚಪ್ಪಲಿ ಬಿಡುವಷ್ಟರಲ್ಲಿ ಮೊಬೈಲಿಗೆ ಮೆಸೇಜ್ ಬಂತು. ನಿಮ್ಮ ದೂರು ಬಗೆಹರಿದಿದೆ, ನಮಗೆ ಐದು ಸ್ಟಾರ್ ಕೊಡಿ ಎಂದಿತ್ತು. ಈ ಪತ್ರ ಬರೆಯಲು ಕೂತದ್ದು ಆಗಲೇ.

ನಮ್ಮ ಮಂಡಿಯಲ್ಲಿ ಚೀಲದ ಮೇಲೆ ಒಂದು ಬರೆದು ಒಳಗೆ ಇನ್ನೊಂದು ತುಂಬಿದವನಿಗೆ ಮರುದಿನ ಯಾರೂ ಮಾಲು ಕೊಡುವುದಿಲ್ಲ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ ನೂರನೇ ನಿಯಮ ಮುಂದಿನ ಗ್ಲಾಸ್ ಬಗ್ಗೆ ಏನು ಹೇಳುತ್ತದೆ ಎಂಬುದು ನಿಮ್ಮ ಕಸುಬು, ನಿಮಗೆ ಗೊತ್ತು. ಲ್ಯಾಮಿನೇಟೆಡ್ ಕಡ್ಡಾಯ ಆಗಿದ್ದು ಆ ನಿಯಮ ಬಂದು ಮೂರು ವರ್ಷದ ನಂತರ ತಯಾರಾದ ಗಾಡಿಗೆ, ನಿಮ್ಮದು 1991ರದ್ದು ಎಂದು ನಿಮ್ಮ ವಕೀಲರು ಹೇಳಬಹುದು. ಹೇಳಲಿ. ನಾನು ಕೇಳುತ್ತಿರುವುದು ಕಾನೂನಿನ ಗ್ಲಾಸ್ ಅಲ್ಲ, ಬಿಲ್ಲಿನ ಗ್ಲಾಸ್.

ಹದಿನೈದು ದಿನ ಕೊಡುತ್ತೇನೆ. ಲ್ಯಾಮಿನೇಟೆಡ್ ಗ್ಲಾಸ್, ನನ್ನ ಬೀಡಿಂಗ್ ಅಥವಾ ಅಂಥದ್ದೇ ಇನ್ನೊಂದು, ಹಗ್ಗ ಹಿಡಿಯಲು ಬರುವ ಒಬ್ಬ ಕೆಲಸಗಾರ. ಇಲ್ಲವೇ 9,400 ರೂಪಾಯಿ ವಾಪಸ್. ನನ್ನ ಹೆಂಡತಿಗೆ ಒಂದು ಕ್ಷಮೆ ಎಂದೂ ಮೊದಲು ಬರೆದಿದ್ದೆ. ಸಿಸ್ಟಮ್ ತಾನೇ ಪ್ರಿಂಟ್ ಮಾಡಿದ ಕ್ಷಮೆ ಬೇಡ ಅಂದಳು, ಅದಕ್ಕೆ ಕೈಬಿಟ್ಟೆ.

ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ ನಮ್ಮ ಊರಲ್ಲೇ ಇದೆ. ಐದು ಲಕ್ಷದೊಳಗಿನ ವ್ಯವಹಾರಕ್ಕೆ ಅಲ್ಲಿ ಶುಲ್ಕ ಇಲ್ಲ, ವಕೀಲರೂ ಬೇಕಿಲ್ಲ, ಎರಡು ವರ್ಷದ ಸಮಯ ಇದೆ. ಮಗನಿಗೆ ಅಂಗಡಿ ಒಪ್ಪಿಸಿದ್ದೇನೆ, ನನಗೆ ಸಮಯವೂ ಜಾಸ್ತಿ. ಎಸ್ಟಿಮೇಟ್, ಬಿಲ್ಲು, ಸ್ಟಿಕ್ಕರ್, ಐದು ಸ್ಟಾರಿನ ಮೆಸೇಜ್ ಎಲ್ಲ ಜೋಪಾನವಾಗಿದೆ. ಗಾಡಿಯನ್ನೂ ತರುತ್ತೇನೆ. ನಿಮ್ಮ ಹುಡುಗ ಹೇಳಿದ ಪರೀಕ್ಷೆಯನ್ನು ಆಯೋಗದ ಮುಂದೆಯೇ ಮಾಡೋಣ, ಹೊಡೆಯುವುದಕ್ಕೆ ಅವನನ್ನೇ ಕಳಿಸಿ. ಭರಮಸಾಗರದ ಹತ್ತಿರ ಮಡಿಲಿಗೆ ಬಿದ್ದ ಕಲ್ಲು ಇನ್ನೂ ನನ್ನ ಡ್ಯಾಶ್‌ಬೋರ್ಡಿನಲ್ಲೇ ಇದೆ.

ಇಂತಿ,
ಕೆಎ-16 ಪದ್ಮಿನಿಯ ಮಾಲೀಕ, ನಿಮ್ಮ ಕಂಪ್ಯೂಟರ್ ಪ್ರಕಾರ ಲಿನಿಯಾದ ಮಾಲೀಕ
ದಾವಣಗೆರೆ