ಧಾರವಾಡಕ್ಕೆ ಬರುವ ಮೊದಲು: ಒಬ್ಬ ಯುವ ಬರಹಗಾರರಿಗೆ ಪತ್ರ

ಪ್ರಿಯರೇ,

ನಿಮ್ಮ ಪತ್ರವೂ ಅದರೊಂದಿಗೆ ಕಳಿಸಿದ ಮೂರು ಕಥೆಗಳೂ ತಲುಪಿದವು. ಮೊದಲು ಪತ್ರದ ಕೊನೆಯಲ್ಲಿ ನೀವು ಕೇಳಿದ ಪ್ರಶ್ನೆಗೆ ಉತ್ತರಿಸುತ್ತೇನೆ, ಏಕೆಂದರೆ ನೀವು ಆಗಲೇ ಬಾಡಿಗೆಯ ಕೋಣೆಯನ್ನು ಹುಡುಕಲು ಶುರುಮಾಡಿದಂತಿದೆ. ಅಷ್ಟು ಸಣ್ಣ ಊರಿನಲ್ಲಿ ಅಷ್ಟೊಂದು ಕವಿಗಳು, ನಾಟಕಕಾರರು, ಗವಾಯಿಗಳು ಆಗಿಹೋಗಿದ್ದಾರೆ, ಅಲ್ಲಿಯ ನೀರಿನಲ್ಲೇ ಏನೋ ಇರಬೇಕು, ಆದ್ದರಿಂದ ಸಿಂಧನೂರಿನ ಮಾಸ್ತರಿಕೆಯನ್ನು ಬಿಟ್ಟು ಧಾರವಾಡಕ್ಕೆ ಬಂದು ನೆಲೆಸಲೇ ಎಂದು ಕೇಳಿದ್ದೀರಿ. ನಲವತ್ತು ವರ್ಷಗಳಿಂದ ಆ ನೀರನ್ನು ಕುಡಿಯುತ್ತಿದ್ದೇನೆ. ವಾರಕ್ಕೊಮ್ಮೆ ನಲ್ಲಿಯಲ್ಲಿ ನೀರು ಬರುತ್ತಿದ್ದ ಕಾಲವನ್ನೂ ಕಂಡಿದ್ದೇನೆ. ಅದರಲ್ಲಿ ವಿಶೇಷವೇನೂ ಇಲ್ಲ.

ಹುಟ್ಟಿನ ಲೆಕ್ಕವನ್ನೇ ಮೊದಲು ನೋಡಿ. ಬೇಂದ್ರೆಯವರು 1896ರಲ್ಲಿ, ಗಂಗೂಬಾಯಿ ಹಾನಗಲ್ಲರು 1913ರಲ್ಲಿ ಇದೇ ಊರಿನಲ್ಲಿ ಹುಟ್ಟಿದರು ಎಂಬುದು ನಿಜ. ಆದರೆ ಬರಹಗಾರರಲ್ಲಿ ಶಂ. ಬಾ. ಜೋಶಿಯವರು ಗುರ್ಲಹೊಸೂರಿನವರು, ಬೆಟಗೇರಿ ಕೃಷ್ಣಶರ್ಮರು ಬೆಳಗಾವಿ ಜಿಲ್ಲೆಯ ಬೆಟಗೇರಿಯವರು, ಗೋಕಾಕರು ಸವಣೂರಿನವರು, ಕಣವಿಯವರು ಹೊಂಬಳದವರು, ಕುರ್ತಕೋಟಿಯವರು ಗದುಗಿನವರು. ಗಾಯಕರಲ್ಲಿ ಮಲ್ಲಿಕಾರ್ಜುನ ಮನಸೂರರ ಹಳ್ಳಿ ಮಗ್ಗುಲಲ್ಲೇ ಇದ್ದರೂ ಅದು ಹಳ್ಳಿಯೇ; ಬಸವರಾಜ ರಾಜಗುರುಗಳದು ಯಲಿವಾಳ; ಕಾರ್ನಾಡರಂತೂ ಹುಟ್ಟಿದ್ದು 1938ರಲ್ಲಿ ದೂರದ ಮಾಥೇರಾನದಲ್ಲಿ, ಹುಡುಗತನವನ್ನು ಕಳೆದದ್ದು ಶಿರಸಿಯಲ್ಲಿ. ಊರಿನ ಹೆಸರನ್ನು ಎಲ್ಲೆಡೆ ಹೊತ್ತು ತಿರುಗುವ ಪೇಡೆಯನ್ನು ಕೂಡ ತಂದವರು ಉತ್ತರ ಪ್ರದೇಶದ ಉನ್ನಾವದಿಂದ ಬಂದ ಠಾಕೂರ ಮನೆತನದವರು. ಇದು ಹೆತ್ತ ಊರಿಗಿಂತ ಹೊತ್ತ ಊರು. ಹೆರುವುದಕ್ಕೆ ಕಾರಣವನ್ನು ಕೇಳಲಾಗದು. ಹೊತ್ತದ್ದು ಹೇಗೆಂದು ಮಾತ್ರ ವಿಚಾರಿಸಬಹುದು.

ವಿಚಾರಿಸಿದರೆ ದೊರೆಯುವ ಉತ್ತರಗಳು ತೀರ ಸಪ್ಪೆಯಾಗಿರುತ್ತವೆ. ಮುಂಬೈ ಪ್ರಾಂತದ ದಕ್ಷಿಣದ ಅಂಚಿನಲ್ಲಿದ್ದ ಈ ಜಿಲ್ಲೆಗಳ ಶಾಲೆ, ಕಚೇರಿಗಳಲ್ಲಿ ಮರಾಠಿಯೇ ನಡೆಯುತ್ತಿದ್ದ ಕಾಲದಲ್ಲಿ, ಶಿಕ್ಷಣ ಇಲಾಖೆಯ ಅಧಿಕಾರಿಯಾಗಿದ್ದ ಡೆಪ್ಯುಟಿ ಚನ್ನಬಸಪ್ಪನವರು ಹಟ ಹಿಡಿದು ಕನ್ನಡ ಶಾಲೆಗಳನ್ನು ತೆರೆಸಿದರು. ಶಾಲೆಗೆ ಮಾಸ್ತರು ಬೇಕು, ಮಾಸ್ತರಿಗೆ ತರಬೇತಿ ಬೇಕು, ತರಬೇತಿಗೆ ಪಠ್ಯ ಬೇಕು, ಪಠ್ಯ ಬರೆಯಲು ಭಾಷೆ ಬಲ್ಲವರು ಬೇಕು. ರಾ. ಹ. ದೇಶಪಾಂಡೆಯವರು 1890ರಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘವನ್ನು ಕಟ್ಟಿದ್ದು ಈ ಬೇಕುಗಳ ಬೆನ್ನಿಗೇ. 1917ರಲ್ಲಿ ಕರ್ನಾಟಕ ಕಾಲೇಜು ಬಂತು, 1950ರಲ್ಲಿ ಆಕಾಶವಾಣಿ ಬಂತು, ಅದೇ ವರ್ಷ ವಿಶ್ವವಿದ್ಯಾಲಯವೂ ಮುಂಬೈಯಿಂದ ಇಲ್ಲಿಗೆ ಬಂತು. ಕವಿಗೆ ಸ್ಫೂರ್ತಿ ಎಷ್ಟು ಬೇಕೋ ತಿಂಗಳ ಪಗಾರವೂ ಅಷ್ಟೇ ಬೇಕು, ಮತ್ತು ಅದನ್ನು ಕೊಡುವ ಕುರ್ಚಿಗಳು ಇಲ್ಲಿ ಒಂದೇ ಊರಿನಲ್ಲಿ ಒಟ್ಟಾಗಿ ಸೇರಿಕೊಂಡವು. ಕಣವಿಯವರು ವಿಶ್ವವಿದ್ಯಾಲಯದ ಪ್ರಸಾರಾಂಗವನ್ನು ನಡೆಸುತ್ತ ಕವಿತೆ ಬರೆದರು, ಎನ್ಕೆಯವರು ಆಕಾಶವಾಣಿಯಲ್ಲಿ ದುಡಿಯುತ್ತ ಕಾದಂಬರಿ ಬರೆದರು.

ಸಂಗೀತದ ಕಥೆಯನ್ನು ರೈಲಿನ ಹಳಿಯ ಮೇಲೆ ಇಟ್ಟು ನೋಡಬೇಕು. ಪುಣೆ, ಮೀರಜಗಳ ಕಡೆಯಿಂದ ಮೈಸೂರಿನ ಅರಮನೆಗೆ ಹಾಡಲು ಹೊರಟ ಉಸ್ತಾದರಿಗೆ ಹುಬ್ಬಳ್ಳಿ–ಧಾರವಾಡಗಳು ದಾರಿಯ ನಿಲ್ದಾಣಗಳು. ಅಬ್ದುಲ್ ಕರೀಮ್ ಖಾನರು ಹಾಗೆ ಹೋಗಿಬರುವಾಗಲೇ ಇಲ್ಲಿಯವರ ಕಿವಿಯನ್ನು ತಿದ್ದಿದರು. ಅವರ ಶಿಷ್ಯ ಸವಾಯಿ ಗಂಧರ್ವರು ಕುಂದಗೋಳದಲ್ಲಿದ್ದರೆಂದು ಗಂಗೂಬಾಯಿಯವರು ಹುಬ್ಬಳ್ಳಿಯಿಂದ ರೈಲು ಹತ್ತಿ ಹೋಗಿ ಪಾಠ ಹೇಳಿಸಿಕೊಂಡು ಬರುತ್ತಿದ್ದರು. ಭೀಮಸೇನ ಜೋಶಿಯವರು ಮನೆ ಬಿಟ್ಟು ಎಲ್ಲೆಲ್ಲೋ ಅಲೆದು ಕೊನೆಗೆ ಗುರುವನ್ನು ಕಂಡದ್ದೂ ಅಲ್ಲೇ. ಮನಸೂರರು ಹುಡುಗನಾಗಿದ್ದಾಗ ವಾಮನರಾವ್ ಮಾಸ್ತರರ ನಾಟಕ ಕಂಪನಿಯಲ್ಲಿ ಪಾತ್ರ ಮಾಡಿದವರು, ಆಮೇಲೆ ಮೀರಜಕ್ಕೆ ಹೋಗಿ ನೀಲಕಂಠಬುವಾ ಅವರಲ್ಲಿ ಕಲಿತವರು, ಇನ್ನೂ ಮುಂದೆ ಮುಂಬೈಯಲ್ಲಿ ಮಂಜಿ ಖಾನರ ಗಂಡಾಬಂಧ ಶಿಷ್ಯರಾದವರು, ಅಂದರೆ ಗುರುವಿನ ಕೈಯಿಂದ ದಾರ ಕಟ್ಟಿಸಿಕೊಂಡ ಶಿಷ್ಯರು. ಅಂದರೆ ಈ ಊರಿನ ಅತಿ ದೊಡ್ಡ ಗಾಯಕರು ತಮ್ಮ ವಿದ್ಯೆಯ ಬಹುಭಾಗವನ್ನು ಊರಿನ ಹೊರಗೆ ಗಳಿಸಿದರು. ಇಲ್ಲಿ ಅವರಿಗೆ ಸಿಕ್ಕದ್ದು ಬೇರೆಯದು: ಹಾಡು ಎಲ್ಲಿ ಸಡಿಲವಾಯಿತೆಂದು ತಕ್ಷಣ ತಿಳಿಯಬಲ್ಲ, ತಿಳಿದ ಮೇಲೂ ಎದ್ದುಹೋಗದೆ ಕೂಡುವ ಕೇಳುಗರು.

ಬರಹಗಾರರಿಗೂ ಸಿಕ್ಕದ್ದು ಇದೇ ಎಂಬುದು ನನ್ನ ದೃಢವಾದ ನಂಬಿಕೆ. ಸುಭಾಸ ರಸ್ತೆಯ ಮನೋಹರ ಗ್ರಂಥಮಾಲೆ ಎಂಬ ಪ್ರಕಾಶನದ ಅಟ್ಟದ ಬಗ್ಗೆ ನೀವು ಓದಿರುತ್ತೀರಿ. 1933ರಲ್ಲಿ ಜಿ. ಬಿ. ಜೋಶಿಯವರು ಮುಂಗಡವಾಗಿ ಹಣ ಕೊಟ್ಟ ಚಂದಾದಾರರನ್ನು ನಂಬಿ ಪುಸ್ತಕ ತೆಗೆಯಲು ಹೊರಟರು. ಪುಸ್ತಕ ಅಚ್ಚಾಗುವ ಮೊದಲೇ ಅದನ್ನು ಓದುವವರು ಇದ್ದರು ಎಂಬುದನ್ನು ಸ್ವಲ್ಪ ಯೋಚಿಸಿ. ಆ ಅಟ್ಟದ ಮೇಲೆ ಚಹಾ, ಎಲೆ-ಅಡಿಕೆಗಳ ನಡುವೆ ಹಸ್ತಪ್ರತಿಗಳನ್ನು ಗಟ್ಟಿಯಾಗಿ ಓದುತ್ತಿದ್ದರು, ಜಗಳವಾಡುತ್ತಿದ್ದರು, ಬಹಳಷ್ಟನ್ನು ತಿರುಗಿಸಿ ಕಳಿಸುತ್ತಿದ್ದರು. ಇಪ್ಪತ್ತರ ಹರೆಯದಲ್ಲಿದ್ದ ಕಾರ್ನಾಡರ ಮೊದಲ ನಾಟಕ ‘ಯಯಾತಿ’ 1961ರಲ್ಲಿ ಹೊರಬಂದದ್ದು ಅಲ್ಲಿಂದ. ಇದಕ್ಕೂ ಮೊದಲು ಬೇಂದ್ರೆಯವರ ಗೆಳೆಯರ ಗುಂಪಿನಲ್ಲಿಯೂ ಕವಿತೆ ಕಾಗದದ ಮೇಲೆ ಕೂಡುವ ಮುನ್ನ ಬಾಯಿಯಿಂದ ಕಿವಿಗೆ ಹೋಗುತ್ತಿತ್ತು. ಅವರ ಪದ್ಯಗಳನ್ನು ಕಣ್ಣಿನಿಂದಷ್ಟೇ ಓದುವವನಿಗೆ ಅರ್ಧ ಅರ್ಥವೂ ದಕ್ಕದಿರುವುದು ಆ ಕಾರಣಕ್ಕೇ.

ಆದರೂ ಈ ಊರನ್ನು ಹೊಗಳಿ ಹೊನ್ನಶೂಲಕ್ಕೇರಿಸುವುದು ನನಗೆ ಬೇಡ. ‘ನರಬಲಿ’ ಎಂಬ ಕವಿತೆಗಾಗಿ 1932ರಲ್ಲಿ ಬೇಂದ್ರೆಯವರು ಹಿಂಡಲಗಿಯ ಜೈಲು ಕಂಡರು, ಬಳಿಕ ಮುಗದದಲ್ಲಿ ನಜರಕೈದಿಯಾಗಿದ್ದರು, ನೌಕರಿಯನ್ನೂ ಕಳೆದುಕೊಂಡರು. ವರ್ಷಗಟ್ಟಲೆ ನೆಲೆಯಾದ ಕೆಲಸವಿಲ್ಲದೆ ಒದ್ದಾಡಿದ ಮೇಲೆ 1944ರಲ್ಲಿ ಸೊಲ್ಲಾಪುರದ ಕಾಲೇಜಿಗೆ ಹೋಗಿ ಹನ್ನೆರಡು ವರ್ಷ ಅಲ್ಲಿ ಕಲಿಸಿದರು. ಇಂದು ಸಾಧನಕೇರಿಯಲ್ಲಿ ಅವರ ಹೆಸರಿನ ಭವನವಿದೆ, ಕೆರೆಯ ದಂಡೆಯಲ್ಲಿ ಜನ ಫೋಟೋ ತೆಗೆಸಿಕೊಳ್ಳುತ್ತಾರೆ; ಅನ್ನ ಬೇಕಾಗಿದ್ದ ದಿನಗಳಲ್ಲಿ ಊರು ತನ್ನ ಕವಿಗೆ ಕೊಟ್ಟದ್ದು ಚಪ್ಪಾಳೆಯನ್ನು ಮಾತ್ರ. ಮಾಸ್ತರಿಕೆಯನ್ನು ಬಿಡುವ ಯೋಚನೆ ಮಾಡಿದಾಗಲೆಲ್ಲ ಈ ಸೊಲ್ಲಾಪುರವನ್ನು ನೆನೆಯಿರಿ.

ನನ್ನದೂ ಒಂದು ಮಾತು ಹೇಳಿಬಿಡುತ್ತೇನೆ. ಹಾವೇರಿಯ ಕಡೆಯ ಹಳ್ಳಿಯಿಂದ ಇಲ್ಲಿಗೆ ಬಂದ ಎರಡನೆಯ ವರ್ಷ, ಒಂದು ಮಳೆಯ ಸಂಜೆ, ನಾಲ್ಕು ಜನ ಹಿರಿಯರ ಮುಂದೆ ಒಂದು ಕಥೆಯನ್ನು ಓದಿದೆ. ಮುಗಿದ ಮೇಲೆ ಯಾರೂ ಮಾತಾಡಲಿಲ್ಲ. ಅವರಲ್ಲೊಬ್ಬರು, ಅಡಿಕೆ ಕತ್ತರಿಸುತ್ತಿದ್ದವರು, ತಲೆ ಎತ್ತದೆ, “ಆ ಮೂರನೇ ಪುಟ ಇನ್ನೊಮ್ಮೆ ಓದ್ರಿ” ಎಂದರು. ಓದಿದೆ. “ಇನ್ನೊಮ್ಮೆ ಓದ್ರಿ” ಎಂದರು. ಮೂರನೆಯ ಸಲ ಓದುವಾಗ ನನ್ನ ನಾಲಿಗೆಯೇ ತಡವರಿಸಿತು, ಏಕೆಂದರೆ ಎತ್ತು ಮಾರಲು ಹೊರಟ ನನ್ನ ರೈತ ಅಲ್ಲಿ ಕಾಲೇಜಿನ ಪ್ರಾಧ್ಯಾಪಕರಂತೆ ಮಾತಾಡುತ್ತಿದ್ದ. “ನಿಮಗ ಕೇಳಿಸ್ತಲ್ಲ, ಮುಗೀತು” ಎಂದು ಅವರು ಅಡಿಕೆಯ ಚೂರನ್ನು ನನ್ನ ಕೈಗೆ ಹಾಕಿದರು. ಆ ವರ್ಷ ಪೂರ್ತಿ ಮತ್ತೊಂದು ಕಥೆಯನ್ನು ಬರೆಯಲಾಗಲಿಲ್ಲ, ಅವರ ಮೇಲೆ ಸಿಟ್ಟೂ ಇತ್ತು. ಆದರೆ ಈ ಊರು ನನಗೆ ಏನನ್ನಾದರೂ ಕಲಿಸಿದ್ದರೆ ಅದು ಆ ಅರ್ಧ ಗಂಟೆಯಲ್ಲಿ.

ಅಂಥ ಅರ್ಧ ಗಂಟೆ ಸಿಂಧನೂರಿನಲ್ಲಿ ಸಿಗದೆಂದು ನಿಮಗೆ ಹೇಳಿದವರಾರು? ಅಲ್ಲಿಯೇ ಇಬ್ಬರನ್ನು ಹುಡುಕಿ. ನಾಲ್ಕು ಜನ ಬೇಕೆಂದಿಲ್ಲ. ಅವರು ಲೇಖಕರೇ ಆಗಿರಬೇಕೆಂದೂ ಇಲ್ಲ, ಬಯಲಾಟದಲ್ಲಿ ಪಾತ್ರ ಮಾಡುವವರಾದರೆ ಇನ್ನೂ ಒಳ್ಳೆಯದು, ಅವರ ಕಿವಿ ನಮ್ಮ ಕಿವಿಗಿಂತ ಚುರುಕು. ನಿಮ್ಮದನ್ನು ಓದುವುದಕ್ಕಿಂತ ಮೊದಲು ಅವರು ಹೇಳುವುದನ್ನು ಕೆಲವು ತಿಂಗಳು ಕೇಳಿ. ನೀವು ಧಾರವಾಡಕ್ಕೆ ಬಂದು ಇದನ್ನೆಲ್ಲ ಮಾಡಬಾರದೆಂದಲ್ಲ, ಆದರೆ ಅಟ್ಟ ಹತ್ತಿದ ಮಾತ್ರಕ್ಕೆ ಅಟ್ಟದ ಮಂದಿ ಸಿಗುವುದಿಲ್ಲ.

ಕಥೆಗಳ ಬಗ್ಗೆ ಸದ್ಯಕ್ಕೆ ಇಷ್ಟು. ಎರಡನೆಯ ಕಥೆಯ ಭತ್ತದ ಮಿಲ್ಲಿನ ಹಮಾಲ “ಯಾಕಲೇ ತಮ್ಮಾ, ಹಿಂಗ್ಯಾಕ ನಿಂತೀದಿ” ಎಂದು ನಮ್ಮ ಧಾರವಾಡದ ಓಣಿಯವನಂತೆ ಮಾತಾಡುತ್ತಾನೆ. ಆ ದನಿಯನ್ನು ನೀವು ಮಿಲ್ಲಿನಲ್ಲಿ ಕೇಳಿಲ್ಲ, ನಮ್ಮ ಪುಸ್ತಕಗಳಲ್ಲಿ ಕೇಳಿದ್ದೀರಿ. ಆ ಭಾಗವನ್ನು ಮಿಲ್ಲಿನಲ್ಲಿ ದುಡಿಯುವ ಒಬ್ಬರ ಮುಂದೆ ಮೂರು ಸಲ ಓದಿ, ತಿದ್ದಿ, ನನಗೆ ಮತ್ತೆ ಕಳಿಸಿ. ಶ್ರಾವಣದಲ್ಲಿ ಒಮ್ಮೆ ಬನ್ನಿ, ಸಾಧನಕೇರಿಯ ಕಡೆ ನಡೆದು ಬರೋಣ, ಎಲ್ಲಿಯಾದರೂ ಸಂಗೀತವಿದ್ದರೆ ಹಿಂದಿನ ಸಾಲಿನಲ್ಲಿ ಕೂತು ಕೇಳೋಣ. ಬಾಡಿಗೆ ಕೋಣೆ ಬೇಡ, ನಮ್ಮ ಮನೆಯಲ್ಲಿ ಜಾಗವಿದೆ. ಬರುವಾಗ ಮರಳುವ ಟಿಕೀಟನ್ನೂ ತೆಗೆಸಿಕೊಂಡು ಬನ್ನಿ.

ನಿಮ್ಮ ವಿಶ್ವಾಸಿ