ವಿಜ್ಞಾನ ಕೋಣೆ ಮತ್ತೆ ತೆರೆದಿದೆ, ಕೈ ಹಚ್ಚಿದವರಿಗೆಲ್ಲ ಥ್ಯಾಂಕ್ಸ್

ಹುಬ್ಬಳ್ಳಿಯ ನಮ್ಮ ಕಾಲೇಜಿನ ವಿಜ್ಞಾನ ಕೋಣೆ, ಅಂದರೆ ಮಕ್ಕಳು ಮಾದರಿಗಳನ್ನು ಕೈಯಾರೆ ಮುಟ್ಟಿ ಮಾಡಿ ನೋಡುವ ಜಾಗ, ಈ ಸೋಮವಾರದಿಂದ ಮತ್ತೆ ಶುರುವಾಗಿದೆ. ಮೊದಲ ದಿನವೇ ಒಂದು ಸರ್ಕಾರಿ ಶಾಲೆಯ ಮಕ್ಕಳು ಬಂದು, ಮಧ್ಯಾಹ್ನದೊಳಗೆ ಒಂದು ಮಾದರಿಯ ಹಿಡಿಕೆ ಕಿತ್ತು ಹೋದರು. ಖುಷಿಯಾಯಿತು, ಸುಮ್ನೆ ಹೇಳ್ತಿಲ್ಲ. ಇಷ್ಟು ತಿಂಗಳು ಬೀಗ ಹಾಕಿದ್ದ ಕೋಣೆಯಲ್ಲಿ ಏನೂ ಮುರಿಯುತ್ತಿರಲಿಲ್ಲ, ಅದೇ ಬೇಜಾರಾಗಿತ್ತು.

ಈ ಕೋಣೆ ಮೊದಲು ಫಿಸಿಕ್ಸ್ ಲ್ಯಾಬಿನ ಸ್ಟೋರ್ ರೂಮ್. ಕೆಟ್ಟ ಗ್ಯಾಲ್ವನೋಮೀಟರು, ಹಳೇ ಉತ್ತರ ಪತ್ರಿಕೆ, ಗೆದ್ದಲು, ಇಷ್ಟೇ ಇದ್ದದ್ದು. ಇದನ್ನು ಖಾಲಿ ಮಾಡಿಸಿದವರು ಈಗ ರಿಟೈರ್ ಆಗಿರುವ ನಮ್ಮ ಹಿರಿಯ ಸರ್. ಅವರು ಹುಡುಗರಿದ್ದಾಗ ಶಾಲಾ ಪ್ರವಾಸದಲ್ಲಿ ಬೆಂಗಳೂರಿನ ವಿಶ್ವೇಶ್ವರಯ್ಯ ಮ್ಯೂಸಿಯಂ ನೋಡಿದ್ದರಂತೆ. ಅದರ ಕಟ್ಟಡವನ್ನು ನೆಹರೂ ಉದ್ಘಾಟಿಸಿದ್ದು 1962ರಲ್ಲಿ, ಜನರಿಗೆ ತೆರೆದದ್ದು 1965ರಲ್ಲಿ. ತಮ್ಮ ಶಾಲೆಯ ಉಪಕರಣಗಳೆಲ್ಲ ಬೀಗ ಹಾಕಿದ ಅಲ್ಮೇರಾದಲ್ಲಿದ್ದವು, ಅಲ್ಲಿ ಹೋಗಿ ನೋಡಿದರೆ ಬಟನ್ ಒತ್ತಿದ ಕೂಡಲೇ ಎಲ್ಲ ತಿರುಗುತ್ತಿದ್ದವು, ಅದು ತಲೆಯಿಂದ ಹೋಗಲೇ ಇಲ್ಲ ಅಂತ ಎಷ್ಟೋ ಸಲ ಹೇಳಿದ್ದಾರೆ.

ಸರ್ ಹೆಚ್ಚು ಮಾತಾಡುತ್ತಿದ್ದದ್ದು ಫ್ರ್ಯಾಂಕ್ ಓಪನ್‌ಹೈಮರ್ ಬಗ್ಗೆ. ಇವರೂ ಫಿಸಿಕ್ಸ್ ವಿಜ್ಞಾನಿ, ಅಣುಬಾಂಬಿನ ರಾಬರ್ಟ್ ಓಪನ್‌ಹೈಮರ್ ಅವರ ತಮ್ಮ. ರಾಜಕೀಯದ ಕಾರಣಕ್ಕೆ 1949ರಲ್ಲಿ ಯೂನಿವರ್ಸಿಟಿ ಕೆಲಸ ಹೋಯಿತು. ಕೊಲರಾಡೋದಲ್ಲಿ ದನ ಸಾಕಿಕೊಂಡು ಇದ್ದರು, ಆಮೇಲೆ ಅಲ್ಲೇ ಹೈಸ್ಕೂಲು ಮೇಷ್ಟ್ರಾದರು. ಮುಂದೆ ಕೊಲರಾಡೋ ಯೂನಿವರ್ಸಿಟಿ ಸೇರಿ, ವಿದ್ಯಾರ್ಥಿಗಳು ತಾವೇ ಬಂದು ಕೈಯಾರೆ ಮಾಡಿ ನೋಡುವಂಥ ಪ್ರಯೋಗಗಳನ್ನು ಒಂದು ಲೈಬ್ರರಿಯ ಹಾಗೆ ಜೋಡಿಸಿಟ್ಟರು. ಅದೇ ಯೋಚನೆ ಬೆಳೆದು 1969ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಎಕ್ಸ್‌ಪ್ಲೊರೇಟೋರಿಯಂ ಅನ್ನೋ ವಿಜ್ಞಾನ ಮ್ಯೂಸಿಯಂ ಆಯಿತು. ಮ್ಯೂಸಿಯಮ್ಮಿನಲ್ಲಿ ಯಾರೂ ಫೇಲ್ ಆಗೋದಿಲ್ಲ ಅನ್ನೋದು ಆ ಮನುಷ್ಯನ ಮಾತು. ಅಲ್ಲಿನ ವರ್ಕ್‌ಶಾಪನ್ನೂ ಬಂದವರ ಕಣ್ಣಿಗೆ ಬೀಳುವ ಹಾಗೇ ಇಟ್ಟಿದ್ದರು. ನಮ್ಮ ಸರ್ ಹಿಡಿದದ್ದು ಇದನ್ನೇ. ರಿಪೇರಿ ಟೇಬಲ್ ಒಳಗೆ ಬೇಡ, ಬಾಗಿಲ ಹತ್ತಿರವೇ ಇರಲಿ ಅಂದರು. ಇವತ್ತಿಗೂ ಅಲ್ಲೇ ಇದೆ. ಸರ್, ನಿಮಗೆ ಮೊದಲ ನಮಸ್ಕಾರ.

ಆ ಟೇಬಲ್ಲಿನ ಯಜಮಾನರು ಅಂದರೆ ರೈಲ್ವೆ ವರ್ಕ್‌ಶಾಪಿನಿಂದ ರಿಟೈರ್ ಆಗಿ ಬಂದ, ಲೇತ್ ಕೆಲಸದ ಟರ್ನರ್ ಕಾಕಾ. ಸೈಕಲ್ ಗಾಲಿಯ ಮಾದರಿ ನೋಡಿದವರಿಗೆ ಇವರ ಕೈ ಎಂಥದ್ದು ಅಂತ ಗೊತ್ತು. ತಿರುಗುವ ಸ್ಟೂಲಿನ ಮೇಲೆ ಕೂತು, ತಿರುಗುತ್ತಿರುವ ಗಾಲಿಯನ್ನು ಅಚ್ಚಿನ ಎರಡೂ ತುದಿಗೆ ಹಿಡಿದು ಓರೆ ಮಾಡಬೇಕು. ಯಾರೂ ತಳ್ಳದೆ ಸ್ಟೂಲು ತಾನೇ ತಿರುಗತೊಡಗುತ್ತದೆ. ಇನ್ನೊಂದು ಕಡೆಗೆ ಓರೆ ಮಾಡಿದರೆ ಉಲ್ಟಾ ತಿರುಗುತ್ತದೆ. ಒಟ್ಟು ಸುತ್ತುವಿಕೆ ಮೊದಲಿನಷ್ಟೇ ಉಳಿಯಬೇಕು, ಅದಕ್ಕೆ ಗಾಲಿಯ ಲೆಕ್ಕವನ್ನು ನಾವು ಕೂತ ಸ್ಟೂಲು ಸರಿದೂಗಿಸುತ್ತದೆ. ಹೇಳೋದು ಸುಲಭ, ಆದರೆ ಆಫೀಸಿನ ಕುರ್ಚಿಯಲ್ಲಿ ಇದು ನಡೆಯಲೇ ಇಲ್ಲ, ಘರ್ಷಣೆ ಜಾಸ್ತಿ. ಕಾಕಾ ಲೇತಿನಲ್ಲಿ ತಳ ಕಡೆದು ಮೇಲಿನ ಭಾರ ಹೊತ್ತೂ ಸಲೀಸಾಗಿ ತಿರುಗುವ ಥ್ರಸ್ಟ್ ಬೇರಿಂಗ್ ಕೂರಿಸಿದರು, ಟೈರ್ ತೆಗೆದು ರಿಮ್ಮಿನ ಸುತ್ತ ಬೈಂಡಿಂಗ್ ವಾಯರ್ ಸುತ್ತಿ ಭಾರ ಮಾಡಿದರು. ಈಗ ದಪ್ಪ ಮೇಷ್ಟ್ರು ಕೂತರೂ ತಿರುಗುತ್ತದೆ. ದುಡ್ಡು ಕೊಡಲು ಹೋದರೆ "ಚಾ ಕುಡಸ್ರಿ ಸಾಕು" ಅಂದುಬಿಟ್ಟರು.

ಪಿಸುಮಾತಿನ ಡಿಶ್ ಅಂದರೆ ದೂರದಲ್ಲಿ ಎದುರುಬದುರು ಇಟ್ಟ ಎರಡು ಡಿಶ್, ಒಂದರ ಮುಂದೆ ಪಿಸುಗುಟ್ಟಿದರೆ ಇನ್ನೊಂದರ ಮುಂದೆ ಕೇಳಿಸುತ್ತದೆ. ಅದನ್ನು ಕೊಟ್ಟ ಕೇಬಲ್ ಆಪರೇಟರ್ ಅಣ್ಣನಿಗೂ ಥ್ಯಾಂಕ್ಸ್. ಜಾಲರಿಯದು ಬೇಡ, ಸದ್ದು ತೂರಿ ಹೋಗುತ್ತದೆ, ಗಟ್ಟಿ ಫೈಬರ್‌ದೇ ಬೇಕು ಅಂದಿದ್ದಕ್ಕೆ ಊರೆಲ್ಲ ಹುಡುಕಿ ಒಂದು ಜೋಡಿ ತಂದರು.

ಇನ್ನು ಕಷ್ಟದ ದಿನ. ಮಳೆಗೆ ಚಾವಣಿ ಸೋರಿತು, ಪ್ಲೈವುಡ್ ಉಬ್ಬಿತು, ಕನ್ನಡಿಗಳಿಗೆ ಕಲೆ ಬಿತ್ತು. ಪರೀಕ್ಷೆ ಸಾಮಾನು ಇಡಲು ಈ ಕೋಣೆಯನ್ನೇ ಕೊಟ್ಟುಬಿಡಿ ಅನ್ನುವ ಮಾತೂ ಬಂತು. ಧಾರವಾಡದಲ್ಲಿ ಪ್ರಾದೇಶಿಕ ವಿಜ್ಞಾನ ಕೇಂದ್ರ ಇದೆಯಲ್ಲ, ನಿಮ್ಮದು ಯಾಕೆ ಅಂದವರೂ ಇದ್ದರು. ಅಲ್ಲಿಗೆ ಎಲ್ಲರೂ ಹೋಗಲೇಬೇಕು, ನಮ್ಮ ಮಕ್ಕಳನ್ನೂ ಕಳಿಸುತ್ತೇವೆ. ಆದರೆ ಶಾಲೆ ಬಿಟ್ಟ ಮೇಲೆ ನಡೆದು ಬಂದು ನಿನ್ನೆ ಅರ್ಧಕ್ಕೆ ಬಿಟ್ಟದ್ದನ್ನು ಇವತ್ತು ಮುಂದುವರಿಸೋಕೆ ಹತ್ತಿರದಲ್ಲೂ ಒಂದು ಜಾಗ ಬೇಕು, ಅಲ್ವಾ?

ಆಗ ಅಮರಗೋಳ ಎಪಿಎಂಸಿಯ ವ್ಯಾಪಾರಿಯೊಬ್ಬರು ತಾಡಪತ್ರಿ ಕಳಿಸಿದರು. ಮೆಣಸಿನಕಾಯಿ ಚೀಲ ಮುಚ್ಚಿದ್ದ ತಾಡಪತ್ರಿ ಅದು. ಮಾದರಿಗಳು ಉಳಿದವು, ನಾವು ಸೀನಿ ಸೀನಿ ಸಾಕಾದೆವು. ಗೌಂಡಿ ಸಾಮಾನಿನ ಖರ್ಚಷ್ಟೇ ತಗೊಂಡು ಚಾವಣಿ ಸರಿ ಮಾಡಿಕೊಟ್ಟರು. ಹಳೇ ವಿದ್ಯಾರ್ಥಿಗಳು ಬಣ್ಣಕ್ಕೆ ದುಡ್ಡು ಹಾಕಿದರು, ಕೆಲವರು ಬ್ರಶ್ಶೂ ಹಿಡಿದರು. ನಮ್ಮ ಅಟೆಂಡರ್ ಅಕ್ಕ ಬೀಗ ಹಾಕಿದ್ದ ದಿನಗಳಲ್ಲೂ ಒಳಗೆ ಹೋಗಿ ಬೇರಿಂಗಿಗೆ ಎಣ್ಣೆ ಬಿಟ್ಟು ಬರುತ್ತಿದ್ದರು. ಯಾರೂ ಹೇಳಿರಲಿಲ್ಲ.

ರಿಪೇರಿಗೆ ಹೋದಾಗ ಚಾವಣಿ ಮೇಲೆ ಒಂದು ನೆರಳಿನ ಕಂಬವೂ ನಿಂತಿದೆ. ನಮ್ಮೂರಿನಲ್ಲಿ ವರ್ಷಕ್ಕೆ ಎರಡು ಸಲ, ಮೇ ಮೊದಲ ವಾರ ಮತ್ತು ಆಗಸ್ಟ್ ಎರಡನೇ ವಾರದ ಹೊತ್ತಿಗೆ, ಮಧ್ಯಾಹ್ನ ಸೂರ್ಯ ನೆತ್ತಿಯ ಮೇಲೆ ನೇರ ಬಂದು ಕಂಬದ ನೆರಳು ಬುಡದಲ್ಲೇ ಅಡಗುತ್ತದೆ. ಗಡಿಯಾರದ 12ಕ್ಕಲ್ಲ, ಹನ್ನೆರಡೂವರೆ ಹತ್ತಿರ. ಮೇನಲ್ಲಿ ರಜೆ, ಆಗಸ್ಟ್‌ನಲ್ಲಿ ಮೋಡ! ಆದರೂ ರಜೆಯಲ್ಲಿ ಬಾಗಿಲು ತೆಗೆಯಲು ಪ್ರಿನ್ಸಿಪಾಲರು ಒಪ್ಪಿದ್ದಾರೆ, ಅವರಿಗೂ ಥ್ಯಾಂಕ್ಸ್.

ಶನಿವಾರ ಮಧ್ಯಾಹ್ನದ ಮೇಲೆ ಯಾರು ಬೇಕಾದರೂ ಬರಬಹುದು, ಫೀ ಇಲ್ಲ. ಮನೆಯಲ್ಲಿ ಹಳೇ ಡ್ರೆಸಿಂಗ್ ಟೇಬಲ್ ಕನ್ನಡಿ ಇದ್ದರೆ ಗುಜರಿಗೆ ಹಾಕಬೇಡಿ, ನಮಗೆ ಕೊಡಿ. ಅಂಚು ಒಡೆದಿದ್ದರೂ ನಡೆಯುತ್ತದೆ, ಕಾಕಾ ಕತ್ತರಿಸಿಕೊಳ್ಳುತ್ತಾರೆ.