ಆ ಜಾಕೆಟ್‌ನ ನಾಲ್ಕನೇ ಸಾಲು ಗುಂಡಿ

ಹೋದ ವಾರ ಬೆಂಗಳೂರಿನಲ್ಲಿ ನಡೆದ ರಾಜ್ಯ ಮಟ್ಟದ ಸ್ಪರ್ಧೆಯಲ್ಲಿ ನನ್ನ ಮಗಳು 10 ಮೀಟರ್ ಏರ್ ರೈಫಲ್‌ನಲ್ಲಿ 603.7 ಅಂಕ ತೆಗೆದಳು. ಪದಕ ಬಂದಿಲ್ಲ. ಆದರೆ ಅವಳು 600 ದಾಟಿದ್ದು ಇದೇ ಮೊದಲು. ಈ ಆಟ ಗೊತ್ತಿಲ್ಲದವರಿಗೆ ಹೇಳುತ್ತೇನೆ. ಗಾಳಿಯ ಒತ್ತಡದ ಬಂದೂಕಿನಿಂದ ಹತ್ತು ಮೀಟರ್ ದೂರದ ಗುರಿಗೆ 60 ಸಲ ಹೊಡೆಯಬೇಕು. ಒಂದಕ್ಕೆ ಜಾಸ್ತಿ ಅಂದರೆ 10.9, ಎಲ್ಲ ಸೇರಿ 654. ನಟ್ಟನಡುವಿನ ಹತ್ತರ ಚುಕ್ಕೆ ಅರ್ಧ ಮಿಲಿಮೀಟರ್ ಅಷ್ಟೇ. ಬಟ್ಟೆ ಮೇಲೆ ಪೆನ್ನಿನ ತುದಿ ತಾಗಿಸಿದರೆ ಆಗುವಷ್ಟು.

ವಾಪಸ್ ಬರುವಾಗ ರೈಲಿನಲ್ಲಿ ಅವಳು ನನ್ನ ತೊಡೆ ಮೇಲೆ ತಲೆ ಇಟ್ಟು ಮಲಗಿಬಿಟ್ಟಳು. ಯಾರಿಗೆಲ್ಲ ಫೋನ್ ಮಾಡಬೇಕು ಅಂತ ನಾನು ಬೆರಳು ಮಡಚುತ್ತಾ ಕೂತೆ. ಮೊದಲು ಮಗಳು ಕಲಿತ ನಮ್ಮ ಶೂಟಿಂಗ್ ರೇಂಜಿನ ಸುಬೇದಾರ್ ಸಾಹೇಬರಿಗೆ ಮಾಡಿದೆ. ಅಂಕ ಹೇಳಿದೆ. ಮುಂದೆ ಮಾತೇ ಬರಲಿಲ್ಲ. ಫೋನಿನಲ್ಲಿ ಹೇಳಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಎಲ್ಲರೂ ತಮ್ಮ ಹೆಸರು ಹಾಕಬೇಡಿ ಅಂದಿದ್ದಾರೆ, ಹಾಗಾಗಿ ಹಾಕುತ್ತಿಲ್ಲ. ದಾವಣಗೆರೆಯಲ್ಲಿ ಅವರನ್ನು ಬಲ್ಲವರಿಗೆ ಗೊತ್ತಾಗುತ್ತೆ.

ನಾನು ನಿಟ್ಟುವಳ್ಳಿಯಲ್ಲಿ ಹೊಲಿಗೆ ಅಂಗಡಿ ಇಟ್ಟುಕೊಂಡಿದ್ದೇನೆ. ತವರು ಚನ್ನಗಿರಿ ಕಡೆ. ದೊಡ್ಡಪ್ಪನ ಹತ್ತಿರ ಲೈಸೆನ್ಸ್ ಬಂದೂಕು ಇತ್ತು, ಮೆಕ್ಕೆಜೋಳಕ್ಕೆ ಬೀಳುವ ಹಂದಿ ಓಡಿಸಲು. ಅದು ತೂಗುಹಾಕಿದ್ದ ಗೋಡೆ ಹತ್ತಿರವೂ ನಾವು ಹೆಣ್ಣುಮಕ್ಕಳು ಸುಳಿಯುತ್ತಿರಲಿಲ್ಲ. ಚುನಾವಣೆ ಬಂತು ಅಂದರೆ ದೊಡ್ಡಪ್ಪ ಅದನ್ನು ಗೋಣಿಚೀಲದಲ್ಲಿ ಸುತ್ತಿಕೊಂಡು ಠಾಣೆಗೆ ಒಪ್ಪಿಸಿ ಬರುತ್ತಿದ್ದರು. ಬಂದೂಕಿನ ಬಗ್ಗೆ ನನಗೆ ಗೊತ್ತಿದ್ದದ್ದು ಇಷ್ಟೇ.

ಮಗಳು ಎನ್‌ಸಿಸಿ ಕ್ಯಾಂಪಿಗೆ ಹೋಗಿ ಪಾಯಿಂಟ್ ಟೂಟೂ ರೈಫಲ್‌ನಲ್ಲಿ ಐದು ಗುಂಡು ಹೊಡೆದು ಬಂದಳು. ಆ ಕಾಗದವನ್ನು ನನ್ನ ಮಿಷನ್ ಮೇಲೆ ಹರವಿ, ನನ್ನ ಬಾಬಿನ್ ತೆಗೆದು ತೂತುಗಳ ಮೇಲೆ ಇಟ್ಟಳು. ನಾಲ್ಕು ತೂತು ಬಾಬಿನ್ ಕೆಳಗೆ ಮುಚ್ಚಿಹೋದವು. ಐದನೆಯದು ಸ್ವಲ್ಪ ಹೊರಗಿತ್ತು. "ಅಮ್ಮ, ನಂಗೆ ಇದು ಬೇಕು" ಅಂದಳು. ಇಷ್ಟು ಗಟ್ಟಿಯಾಗಿ ಅವಳು ಯಾವತ್ತೂ ಏನನ್ನೂ ಕೇಳಿರಲಿಲ್ಲ.

ಸರಿ ಅಂತ ಬೇರೆ ಊರಿನ ಒಂದು ಅಂಗಡಿಗೆ ಹೋದೆವು. ಯಾವ ಊರು, ಯಾವ ಅಂಗಡಿ ಅಂತ ಹೇಳುವುದಿಲ್ಲ. ಏರ್ ರೈಫಲ್‌ಗೆ ಲೈಸೆನ್ಸ್ ಬೇಕಾ ಅಂತ ಕೇಳಿದೆ. ಅಲ್ಲಿ ಕೂತಿದ್ದ ನಾಲ್ಕು ಜನ ಒಬ್ಬರ ಮುಖ ಒಬ್ಬರು ನೋಡಿ ನಕ್ಕರು. "ಹೆಣ್ಣುಮಗೀಗೆ ಇದೆಲ್ಲ ಯಾಕಮ್ಮ, ಆ ದುಡ್ಡು ಮದುವೆಗೆ ಇಡು" ಅಂದರು. ಆಮೇಲೆ ಮೂರು ಲಕ್ಷದ ರೈಫಲ್ ಒಂದನ್ನು ತೋರಿಸಿದರು, ಮುಟ್ಟಲು ಕೊಡಲಿಲ್ಲ. ಬಸ್ಸಿನಲ್ಲಿ ಮಗಳು ಕಿಟಕಿ ಕಡೆ ಮುಖ ಮಾಡಿಕೊಂಡೇ ಬಂದಳು. ನಮ್ಮ ಊರಿನ ರೇಂಜ್ ಸಿಗದೇ ಇದ್ದಿದ್ದರೆ ಅವಳ ಆಸೆ ಆ ಬಸ್ಸಿನಲ್ಲೇ ಮುಗಿದುಹೋಗುತ್ತಿತ್ತು.

ರೇಂಜ್ ಅಂದರೆ ದೊಡ್ಡದೇನಲ್ಲ. ಹಿಂದೆ ಹತ್ತಿ ಅಂಡಿಗೆ ಇಡುತ್ತಿದ್ದ ಗೋದಾಮು. ನಾಲ್ಕು ಜನ ನಿಂತು ಹೊಡೆಯುವಷ್ಟು ಜಾಗ, ರಾಟೆ ತಿರುಗಿಸಿದರೆ ಹೋಗಿ ಬರುವ ಕಾಗದದ ಟಾರ್ಗೆಟ್. ಗೋಡೆ ಮೇಲೆ ಅಭಿನವ್ ಬಿಂದ್ರಾ ಫೋಟೋ. ಸುಬೇದಾರ್ ಸಾಹೇಬರು ಮಗಳ ಹುಟ್ಟಿದ ವರ್ಷ ಕೇಳಿದರು. 2008 ಅಂದಳು. "ಇವರು ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಚಿನ್ನ ತಂದ ವರ್ಷ. ಇದೇ ಆಟ, ಇದೇ 10 ಮೀಟರ್" ಅಂತ ಫೋಟೋ ತೋರಿಸಿದರು. ಮಗಳ ಮುಖ ಆಗ ಅರಳಿತು.

ಅಂಗಡಿಯಲ್ಲಿ ಕೇಳಿದ್ದ ಪ್ರಶ್ನೆಯನ್ನೇ ಹೆದರಿಕೊಂಡು ಅವರಿಗೂ ಕೇಳಿದೆ. ಅವರು ಕುರ್ಚಿ ಎಳೆದು "ಕುಂದ್ರಿ" ಅಂದರು. ಅರ್ಧ ಗಂಟೆ ಹೇಳಿದರು. 2016ರ ಆಯುಧ ನಿಯಮದ ಪ್ರಕಾರ ನಳಿಗೆ ಪಾಯಿಂಟ್ ಒನ್ ಸೆವೆನ್ ಸೆವೆನ್ ಇಂಚು, ಅಂದರೆ ನಾಲ್ಕೂವರೆ ಮಿಲಿಮೀಟರ್ ಮೀರದ, ಶಕ್ತಿ 20 ಜೂಲ್ ಒಳಗಿರುವ ಏರ್ ರೈಫಲ್‌ಗೆ ಲೈಸೆನ್ಸ್ ಬೇಡ. ಆದರೂ ಅಂಗಡಿಯವರು ಗುರುತಿನ ಚೀಟಿ, ವಿಳಾಸ ತಗೊಳ್ಳುತ್ತಾರೆ, ಕೊಡಬೇಕು. ಬಿಲ್ಲಿನ ಜೆರಾಕ್ಸ್ ಯಾವಾಗಲೂ ಪೆಟ್ಟಿಗೆಯಲ್ಲೇ ಇರಬೇಕು, ರೈಲಿನಲ್ಲಿ ಬಸ್ಸಿನಲ್ಲಿ ಯಾರು ಕೇಳಿದರೂ ತೋರಿಸಬೇಕು. ನಾನು ಎರಡು ಸಲ ಕೇಳಿದ್ದಕ್ಕೆ ಎರಡು ಸಲವೂ ಅದೇ ತಾಳ್ಮೆಯಿಂದ ಹೇಳಿದರು.

"ಹಾಗಾದ್ರೆ ಯಾವುದು ತಗೊಳ್ಳೋದು ಸಾರ್?" ಅಂದೆ.

"ಈಗ ಏನೂ ತಗೋಬ್ಯಾಡ್ರಿ. ಹುಡುಗಿ ಇನ್ನೂ ಬೆಳೀತಾಳೆ. ಆರು ತಿಂಗಳು ನಮ್ಮದರಲ್ಲೇ ಹೊಡೀಲಿ. ಆಮೇಲೂ ಬೇಕು ಅನ್ನಿಸಿದ್ರೆ ಎಲ್ಲರೂ ಸೇರಿ ಹುಡುಕೋಣ."

ಆರಲ್ಲ, ಎಂಟು ತಿಂಗಳು ಅವಳು ಅವರವರ ರೈಫಲ್‌ನಲ್ಲೇ ಕಲಿತಳು. ಹೆಚ್ಚಾಗಿ ನಾವು ಬ್ಯಾಂಕ್ ಅಕ್ಕ ಅನ್ನುವವರ ರೈಫಲ್‌ನಲ್ಲಿ. ಇದರ ಬೆಲೆ ನನಗೆ ಆಗ ತಿಳಿದಿರಲಿಲ್ಲ, ಈಗ ತಿಳಿದಿದೆ. ಈ ರೈಫಲ್‌ಗಳಲ್ಲಿ ಭುಜಕ್ಕೆ ಆನಿಸುವ ತಟ್ಟೆ, ಕೆನ್ನೆ ಇಡುವ ಹಲಗೆ ಎಲ್ಲವನ್ನೂ ಸ್ಕ್ರೂ ಸಡಿಲಿಸಿ ಅವರವರ ಮೈಗೆ ತಕ್ಕ ಹಾಗೆ ಕೂರಿಸಿಕೊಂಡಿರುತ್ತಾರೆ. ಕೂದಲೆಳೆಯಷ್ಟು ಸರಿದರೂ ಹೊಡೆತ ಬೇರೆ ಕಡೆ ಹೋಗುತ್ತೆ. ಅಂಥದ್ದನ್ನು ಅಕ್ಕ ದಿನಾ ಸಂಜೆ ನನ್ನ ಮಗಳ ಅಳತೆಗೆ ಬದಲಿಸಿ ಕೊಡುತ್ತಿದ್ದರು. ಅವಳು ಮುಗಿಸಿದ ಮೇಲೆ ಮತ್ತೆ ತಮ್ಮ ಅಳತೆಗೆ ತಂದುಕೊಳ್ಳುತ್ತಿದ್ದರು. ನನ್ನ ಹೊಲಿಗೆಯ ಚಾಕ್ ಕೇಳಿ ಇಸ್ಕೊಂಡು ಎರಡು ಗುರುತು ಹಾಕಿದ್ದರು. ಬಿಳಿ ಗೆರೆ ಅವರದು, ನೀಲಿ ಗೆರೆ ಮಗಳದು. ಅವರಿಗೂ ಸ್ಪರ್ಧೆ ಹತ್ತಿರ ಇತ್ತು ಅಂತ ನನಗೆ ಗೊತ್ತಾಗಿದ್ದು ತಿಂಗಳುಗಳ ಮೇಲೆ, ಅದೂ ಬೇರೆಯವರ ಬಾಯಿಂದ.

ಅಲ್ಲಿ ಬೈಗುಳವೂ ಸಿಕ್ಕಿದೆ, ಅದನ್ನೂ ಬರೆಯಬೇಕು. ಎರಡನೇ ವಾರ ಗೆಳತಿ ಬಾಗಿಲಲ್ಲಿ ನಿಂತು ಕೂಗಿದಳು ಅಂತ ಮಗಳು ರೈಫಲ್ ಹಿಡಿದುಕೊಂಡೇ ಹಿಂದೆ ತಿರುಗಿದಳು. ಸುಬೇದಾರ್ ಸಾಹೇಬರು ಒಂದೇ ಹೆಜ್ಜೆಗೆ ಬಂದು ನಳಿಗೆ ಹಿಡಿದು ಗೋಡೆ ಕಡೆ ತಿರುಗಿಸಿದರು. ಅವರ ದನಿಗೆ ಗೋದಾಮೇ ಸ್ತಬ್ಧ ಆಯಿತು. ಆ ದಿನ ಪೂರ್ತಿ ಅವಳನ್ನು ಬೆಂಚಿನ ಮೇಲೆ ಕೂರಿಸಿದರು. ನನಗೆ ಕಣ್ಣಲ್ಲಿ ನೀರು ಬಂತು. ಸಂಜೆ ಅವರೇ ಚಹಾ ತರಿಸಿ ಹತ್ತಿರ ಬಂದು ಕೂತರು. "ಬೇಜಾರ್ ಮಾಡ್ಕೋಬ್ಯಾಡ್ರಿ ಅಮ್ಮ. ಒಳಗೆ ಗುಂಡು ಇರಲಿಲ್ಲ, ನಂಗೂ ಗೊತ್ತು. ಇಲ್ಲ ಅಂದಾಗಲೂ ಇದೆ ಅಂತಲೇ ಹಿಡೀಬೇಕು. ಇದೊಂದರಲ್ಲಿ ನಾನು ಮಗು ಅಂತಾನೂ ನೋಡಲ್ಲ, ಮಂತ್ರಿ ಅಂತಾನೂ ನೋಡಲ್ಲ" ಅಂದರು. ಮಾರನೇ ದಿನ ಮೊದಲಿನಿಂದ ಹೇಳಿಕೊಟ್ಟರು. ಹೊಡೆಯದಿದ್ದಾಗ, ಒಳಗೆ ಗುಂಡಿಲ್ಲ ಅಂತ ಎಲ್ಲರಿಗೂ ಕಾಣುವ ಹಾಗೆ ನಳಿಗೆಯೊಳಗೆ ಬಣ್ಣದ ದಾರ ಹಾಕಿರಬೇಕು, ಗುರಿ ಹಿಡಿಯುವ ತನಕ ಬೆರಳು ಟ್ರಿಗರ್ ಮೇಲೆ ಹೋಗಬಾರದು.

ಎಂಟು ತಿಂಗಳಲ್ಲಿ ನಾನು ನೋಡಿದ್ದು ಇದು. ಗೊತ್ತಿಲ್ಲ ಅಂದವರನ್ನು ನೋಡಿ ಅಲ್ಲಿ ಒಬ್ಬರೂ ನಗಲಿಲ್ಲ. ಅಜಾಗರೂಕತೆಗೆ ಮಾತ್ರ ಬೈದರು. ಆ ಅಂಗಡಿಯಲ್ಲಿ ಗೊತ್ತಿಲ್ಲದ್ದಕ್ಕೇ ನಕ್ಕಿದ್ದರು. ಎರಡೂ ಒಂದೇ ಅಲ್ಲ ಅಂತ ನನ್ನ ಮಗಳಿಗೆ ಹೇಳಿಕೊಡಬೇಕಾಗಲೇ ಇಲ್ಲ, ಅವಳಿಗೇ ತಿಳಿಯಿತು.

ಸಣ್ಣ ಸಣ್ಣದು ಎಷ್ಟೋ ಇದೆ. ಮಂಡಕ್ಕಿ ಮೆಣಸಿನಕಾಯಿ ಪೊಟ್ಟಣ ಬಂದರೆ ಮಕ್ಕಳೆಲ್ಲ ಓಡುತ್ತಿದ್ದರು. ಅಕ್ಕ ಒಬ್ಬೊಬ್ಬರ ಕೈ ಹಿಡಿದು ನಲ್ಲಿ ಹತ್ತಿರ ಕರೆದೊಯ್ದು ಸೋಪು ಹಾಕಿಸುತ್ತಿದ್ದರು. ಈ ರೈಫಲ್‌ಗೆ ಹಾಕುವ ಪುಟ್ಟ ಗುಂಡು, ಪೆಲೆಟ್, ಅಂದರೆ ಸೀಸ, ಕೈಗೆ ಅಂಟಿಕೊಂಡು ಹೊಟ್ಟೆಗೆ ಹೋಗಬಾರದು. ಆಯುಧಪೂಜೆಗೆ ರೈಫಲ್‌ಗೆ ವಿಭೂತಿ ಕುಂಕುಮ ಹಚ್ಚಲಾ ಅಂತ ಕೇಳಿದ್ದೆ. "ಪೆಟ್ಟಿಗೆಗೆ ಹಚ್ಚಮ್ಮ. ಪುಡಿ ಒಳಗೆ ಹೋದ್ರೆ ದೇವರೂ ಬಂದು ಕ್ಲೀನ್ ಮಾಡಲ್ಲ" ಅಂದರು ಸಾಹೇಬರು. ಈಗಲೂ ಪೆಟ್ಟಿಗೆಗೇ ಹಚ್ಚುತ್ತೇವೆ.

ಇನ್ನು ರೈಫಲ್ ಕೊಂಡ ಕಥೆ. ಹರಿಹರದಲ್ಲಿ ಒಬ್ಬರು ಹಳೆಯದೊಂದನ್ನು ಮಾರುತ್ತಿದ್ದಾರೆ ಅಂತ ಗೊತ್ತಾಯಿತು. ಇವತ್ತೇ ಅಡ್ವಾನ್ಸ್ ಕೊಡಿ, ಇನ್ನೊಬ್ಬರು ಕಾಯುತ್ತಿದ್ದಾರೆ ಅಂದರು. ಸಂಘದಿಂದ ಸಾಲ ತೆಗೆದು ದುಡ್ಡು ಕೈಯಲ್ಲಿ ಹಿಡಿದು ಹೊರಟಿದ್ದೆ. ರೇಂಜಿನಲ್ಲಿ ಹೊಡೆಯುವ ಇಂಜಿನಿಯರಿಂಗ್ ಹುಡುಗ ಒಬ್ಬ, ಪರೀಕ್ಷೆ ಹತ್ತಿರ ಇದ್ದರೂ "ಆಂಟಿ, ಒಬ್ಬರೇ ಹೋಗಬೇಡಿ" ಅಂತ ಬೈಕ್ ತಂದ. ನಾನು ಮರದ ಹೊಳಪು ನೋಡುತ್ತಿದ್ದೆ. ಅವನು ಮೊದಲು ನೋಡಿದ್ದು ನಳಿಗೆ ಕೆಳಗಿನ ಗಾಳಿ ಸಿಲಿಂಡರ್. ಅದರ ಮೇಲೆ ಕೊರೆದಿದ್ದ ದಿನಾಂಕವನ್ನು ಮೊಬೈಲ್ ಟಾರ್ಚ್ ಹಾಕಿ ನನಗೇ ಓದಿಸಿದ. ಈ ಸಿಲಿಂಡರ್‌ನಲ್ಲಿ 200 ಬಾರ್ ಒತ್ತಡದ ಗಾಳಿ ತುಂಬಿರುತ್ತಾರೆ. ಅದಕ್ಕೆ ಹೆಚ್ಚೆಂದರೆ ಹತ್ತು ವರ್ಷ ಆಯಸ್ಸು. ಆಮೇಲೆ ಸ್ಪರ್ಧೆಗೆ ತಗೊಂಡು ಹೋಗುವಂತಿಲ್ಲ, ಇಟ್ಟುಕೊಳ್ಳುವುದೂ ಅಪಾಯ. ಆ ಸಿಲಿಂಡರ್‌ಗೆ ಹತ್ತು ತುಂಬಲು ಮೂರು ತಿಂಗಳಿತ್ತು. ಅರ್ಧ ಗಂಟೆ ಸುಮ್ನೆ ಬಿಟ್ಟು ಮತ್ತೆ ನೋಡಿದರೆ ಮೀಟರಿನ ಮುಳ್ಳೂ ಇಳಿದಿತ್ತು, ಅಂದರೆ ಗಾಳಿ ಸೋರುತ್ತಿತ್ತು. "ಯೋಚನೆ ಮಾಡಿ ಹೇಳ್ತೀವಿ ಅಂಕಲ್" ಅಂತ ಒಳ್ಳೆ ಮಾತಿನಲ್ಲೇ ಎದ್ದ. ಪೆಟ್ರೋಲ್ ದುಡ್ಡು ಕೊಡಲು ಹೋದರೆ ಕೈ ಹಿಂದೆ ಕಟ್ಟಿಕೊಂಡ. "ನಾನು ಮೊದಲ್ನೇದು ತಗೊಳ್ಳುವಾಗ ಅಕ್ಕ ಬ್ಯಾಂಕಿಗೆ ರಜೆ ಹಾಕಿ ನನ್ನ ಜೊತೆ ಬಂದಿದ್ರು ಆಂಟಿ" ಅಂದ.

ಅದಾಗಿ ಎರಡು ತಿಂಗಳಿಗೆ ಅಕ್ಕನ ಪರಿಚಯದವರೊಬ್ಬರು ಹೊಸದು ಕೊಳ್ಳುವುದಕ್ಕೆ ತಮ್ಮದನ್ನು ಕೊಟ್ಟರು. ದುಡ್ಡನ್ನು ಮೂರು ಕಂತಿನಲ್ಲಿ ತಗೊಂಡರು. ಅವತ್ತು ಎಲ್ಲರೂ ತಮ್ಮ ತಮ್ಮ ಡಬ್ಬಿಯಿಂದ ಒಂದೊಂದು ಹಿಡಿ ಪೆಲೆಟ್ ತಂದರು. 4.49, 4.50 ಮಿಲಿಮೀಟರ್ ಅಂತ ತಲೆ ಅಳತೆಯಲ್ಲಿ ಒಂದು ಎಳೆ ಆಚೀಚೆ ಇರುತ್ತವೆ. ಯಾವುದು ಈ ನಳಿಗೆಗೆ ಒಗ್ಗುತ್ತೆ ಅಂತ ಐದೈದು ಹೊಡೆದು ನೋಡಿ ಆರಿಸಿಕೊಟ್ಟರು.

ಜಾಕೆಟ್ ವಿಷಯ ನನ್ನ ಕಸುಬಿನದು, ಅದನ್ನು ಸ್ವಲ್ಪ ಜಾಸ್ತಿ ಹೇಳುತ್ತೇನೆ. ಶೂಟಿಂಗ್ ಜಾಕೆಟ್ ಹಲಗೆಯ ಹಾಗಿರುತ್ತೆ, ದಪ್ಪ ಕ್ಯಾನ್ವಾಸ್. ಹೊಸದು ನಮ್ಮ ಕೈಗೆ ಎಟುಕುವಂಥದ್ದಲ್ಲ. ವಿದ್ಯಾನಗರದ ಒಬ್ಬ ಹಿರಿಯರು ತಮ್ಮ ಮಗ ಹಾಕುತ್ತಿದ್ದದ್ದನ್ನು ತಂದುಕೊಟ್ಟರು. "ಕತ್ತರಿ ಹಾಕಬೇಡಮ್ಮ, ಗುಂಡಿ ಮಾತ್ರ ಸರಿಸು" ಅಂದರು. ನಾನು ರವಿಕೆ ಹೊಲಿಯುವವಳು. ಮೈಗೆ ಕೂರುವ ಹಾಗೆ ಬಿಗಿಯಾಗಿ ಗುಂಡಿ ಇಟ್ಟೆ. ಅಕ್ಕ ನೋಡಿದವರೇ ಬಿಚ್ಚಿಸಿದರು. ಗುಂಡಿ ಹಾಕುವ ಜಾಗದಿಂದ ಇನ್ನೂ 7 ಸೆಂಟಿಮೀಟರ್ ಎಳೆದರೂ ಎರಡೂ ಅಂಚು ಒಂದರ ಮೇಲೊಂದು ಬರಬೇಕು, ಅಷ್ಟು ಸಡಿಲ ಇರಬೇಕು. ಬಟ್ಟೆಯ ದಪ್ಪ ಎರಡೂವರೆ ಮಿಲಿಮೀಟರ್ ಮೀರಬಾರದು. ಸ್ಪರ್ಧೆಯಲ್ಲಿ ಇವನ್ನೆಲ್ಲ ಅಳೆಯುತ್ತಾರೆ. ಬಿಗಿ ಇದ್ದರೆ ಜಾಕೆಟ್ಟೇ ಮೈಯನ್ನು ಹಿಡಿದು ನಿಲ್ಲಿಸುತ್ತೆ, ಅದು ಮೋಸ. ನನ್ನ ಮಿಷನ್ ಸೂಜಿ ಎರಡು ಮುರಿದವು. ಕೊನೆಗೆ ದಬ್ಬಣದಲ್ಲಿ ಕೈಯಲ್ಲೇ ಹೊಲಿದೆ.

ಹೊಲಿಯುವಾಗ ನೋಡಿದರೆ ಹಳೇ ಗುಂಡಿಗಳ ದಾರದ ತೂತು ಮೂರು ಸಾಲು ಇದ್ದವು. ಅಂದರೆ ಮೂರು ಮಕ್ಕಳು ಇದನ್ನು ಹಾಕಿಕೊಂಡು ಕಲಿತಿದ್ದರು. ನಾನು ಹಾಕಿದ್ದು ನಾಲ್ಕನೇ ಸಾಲು. ಬಹಳ ಹೊತ್ತು ಆ ತೂತುಗಳ ಮೇಲೆ ಬೆರಳಾಡಿಸುತ್ತಾ ಕೂತಿದ್ದೆ.

ಬೆಂಗಳೂರಿನಲ್ಲಿ ನಾನು ಹಿಂದೆ ಕುರ್ಚಿಯಲ್ಲಿ ಕೂತು ನೋಡುತ್ತಿದ್ದೆ. 38ನೇ ಹೊಡೆತಕ್ಕೆ 8.9 ಬಿತ್ತು. ಮುಂದಿನದಕ್ಕೆ ಅವಳು ರೈಫಲ್ ಎತ್ತಿದಳು, ಇಳಿಸಿದಳು. ಮತ್ತೆ ಎತ್ತಿದಳು, ಇಳಿಸಿದಳು. "ಮನಸ್ಸಿಗೆ ಸರಿ ಅನ್ನಿಸದಿದ್ರೆ ಇಳಿಸು, ನಾಚಿಕೆ ಇಲ್ಲ" ಅಂತ ಅಕ್ಕ ದಿನಾ ಹೇಳುತ್ತಿದ್ದ ಮಾತು. ನಾಲ್ಕು ಸಲ ಇಳಿಸಿ ಐದನೇ ಸಲ ಹೊಡೆದಳು. 10.6. ಆ ಹೊತ್ತಿಗೆ ಅವಳ ಜೊತೆ ಅಲ್ಲಿ ನಮ್ಮ ಗೋದಾಮಿನ ಎಲ್ಲರೂ ನಿಂತಿದ್ದರು ಅಂತಲೇ ನನಗೆ ಅನ್ನಿಸಿತು.

ಸುಬೇದಾರ್ ಸಾಹೇಬರೇ, ಅಕ್ಕಾ, ಬೈಕ್ ತಂದ ತಮ್ಮಾ, ಜಾಕೆಟ್ ಕೊಟ್ಟ ಹಿರಿಯರೇ, ಕಂತಿಗೆ ಒಪ್ಪಿದವರೇ, ನಿಮ್ಮೆಲ್ಲರಿಗೂ ಕೈ ಮುಗಿಯುತ್ತೇನೆ. 2024ರಲ್ಲಿ ಪ್ಯಾರಿಸ್ ಒಲಿಂಪಿಕ್ಸ್‌ನ ಶೂಟಿಂಗ್‌ನಲ್ಲಿ ಮನು ಭಾಕರ್ ಎರಡು ಪದಕ ಗೆದ್ದರು, ಕೊಲ್ಹಾಪುರ ಜಿಲ್ಲೆಯ ಸ್ವಪ್ನಿಲ್ ಕುಸಾಳೆ ಒಂದು. ಆಮೇಲೆ ನಮ್ಮ ರೇಂಜಿಗೆ ಬಂದು ಕೇಳುವ ತಾಯಂದಿರು ಜಾಸ್ತಿ ಆಗಿದ್ದಾರೆ. ಅವರು ಬಾಗಿಲಲ್ಲಿ ಹಿಂಜರಿದು ನಿಂತಾಗ ಈಗ ನಾನೇ ಎದ್ದು ಕುರ್ಚಿ ಹಾಕುತ್ತೇನೆ.

ಜಾಕೆಟ್ ಈಗ ಮಗಳಿಗೆ ಗಿಡ್ಡ ಆಗಿದೆ. ನೆರಳಲ್ಲಿ ಗಾಳಿಗೆ ಹಾಕಿ, ನಾಲ್ಕನೇ ಸಾಲಿನ ಗುಂಡಿ ಬಿಚ್ಚಿ ಅಂಗಡಿಯಲ್ಲಿ ಇಟ್ಟಿದ್ದೇನೆ. ಹೊಸದಾಗಿ ಸೇರಿದ ಮಕ್ಕಳಲ್ಲಿ ಯಾರಿಗೆ ಬೇಕೋ ಬನ್ನಿ. ಗುಂಡಿ ನಾನೇ ಹೊಲಿದುಕೊಡುತ್ತೇನೆ. ಮಗುವನ್ನು ಜೊತೆಗೆ ಕರೆದುಕೊಂಡೇ ಬನ್ನಿ, ಅಳತೆ ಬರೆದು ಕಳಿಸಿದರೆ ಆಗುವುದಿಲ್ಲ. ಭಾನುವಾರ ಮಾತ್ರ ಅಂಗಡಿ ಇರಲ್ಲ.